ಅಟ್ಟ ಹತ್ತಿದ ಬಸ್ಸು

ಮೊನ್ನೆ ಬೆಳಿಗ್ಗೆ ಪೇಪರ್ ಬಿಡಿಸಿದರೆ ಒಳಗಿನಿಂದ ಒಂದು ನುಣುಪಾದ ಬಣ್ಣದ ಹಾಳೆ ಜಾರಿ ಕಾಫಿ ಲೋಟದ ಪಕ್ಕಕ್ಕೆ ಬಿತ್ತು. ನಂದಿನಿ ಲೇಔಟಿನಲ್ಲಿ ಹೊಸದಾಗಿ ಶುರುವಾದ ಯಾವುದೋ ಶಿಶುಶಾಲೆಯ ಜಾಹೀರಾತು. 'ಎಳೆಯ ಮಕ್ಕಳಿಗೆ ಕಲ್ಪನೆಯ ಆಟದಿಂದ ಆಗುವ ಲಾಭಗಳು' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಕೆಳಗೆ ಲಾಭಗಳನ್ನು ಸಾಲಾಗಿ ಪೋಣಿಸಿದ್ದಾರೆ. ಮಾತು ಬೆಳೆಯುತ್ತದಂತೆ. ಧೈರ್ಯ ಬರುತ್ತದಂತೆ. ನಾಲ್ಕು ಜನರೊಂದಿಗೆ ಬೆರೆಯುವುದನ್ನು ಮಕ್ಕಳು ತಾವಾಗಿ ಕಲಿಯುತ್ತಾರಂತೆ. ಇಷ್ಟೆಲ್ಲ ಆಗುವುದು ವಾರಕ್ಕೆ ಎರಡು ದಿನ, ಮುಕ್ಕಾಲು ಗಂಟೆ, ತರಬೇತಾದ ಶಿಕ್ಷಕಿಯರ ಮೇಲ್ವಿಚಾರಣೆಯಲ್ಲಿ. ಪಕ್ಕದಲ್ಲೊಂದು ಫೋಟೊ. ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಹಿಂದೊಂದು ಇಟ್ಟುಕೊಂಡು ಮಕ್ಕಳು ಬಸ್ಸಾಟ ಆಡುತ್ತಿದ್ದಾರೆ, ಒಬ್ಬ ಮಿಸ್ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಾಳೆ.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಹಾಳೆಯನ್ನು ನಾಲ್ಕು ಚೂರು ಮಾಡಿ, ಅದೂ ಸಾಲದೆ ಎಂಟು ಮಾಡಿ, ಕಸದ ಬುಟ್ಟಿಗೆ ಎಸೆದೆ. ಎಸೆದ ಮೇಲೆ ಕಾಫಿ ಕುಡಿಯಲು ಹೋದರೆ ಸೀರೆಯ ಮೇಲೆ ಚೆಲ್ಲಿಕೊಂಡೆ. ಪಾಪ, ಆ ಶಾಲೆಯವರು ಏನು ತಪ್ಪು ಮಾಡಿದರು ಎಂದು ನೀವು ಕೇಳಬಹುದು. ಏನೂ ಇಲ್ಲ. ಅವರು ಬರೆದಿರುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ಒಂದು ಐವತ್ತು ವರ್ಷ ತಡವಾಗಿ ಬಂದರು, ಅಷ್ಟೇ. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ.

ಕೋಪ ನನಗೆ ಹೊಸದಲ್ಲ ಬಿಡಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಮೆಣಸಿನಕಾಯಿ ಮಿಸ್' ಎಂದು ಕರೆಯುತ್ತಿದ್ದದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದೆ ಎಂದು ತೋರಿಸಿಕೊಂಡಿರಲಿಲ್ಲ, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ಆದರೆ ಈ ಕೋಪ ಆ ಜಾತಿಯದಲ್ಲ. ಇದು ಹತ್ತು ವರ್ಷದವಳಿದ್ದಾಗ ನನ್ನೊಳಗೆ ಸೇರಿಕೊಂಡದ್ದು, ಇನ್ನೂ ಆರಿಲ್ಲ.

ಎಪ್ಪತ್ತರ ದಶಕದ ನಡುಭಾಗದ ಮಾತು. ವಿಜಯನಗರಕ್ಕೆ ಆಗ ಹೆಸರಿನಲ್ಲಿ ಮಾತ್ರ ನಗರವಿತ್ತು. ನಮ್ಮ ರಸ್ತೆಯಲ್ಲಿ ಆರು ಮನೆ, ಹದಿನಾರು ಖಾಲಿ ಸೈಟು. ಸೈಟುಗಳ ತುಂಬ ಕಲ್ಲು, ಮುಳ್ಳು, ಆಗೊಮ್ಮೆ ಈಗೊಮ್ಮೆ ಹಾವು. ಮಾರೇನಹಳ್ಳಿಯ ಎಮ್ಮೆಗಳು ಮಧ್ಯಾಹ್ನ ಬಂದು ನಮ್ಮ ಗೇಟಿಗೆ ಮೈ ಉಜ್ಜಿ, ಹೋಗುವಾಗ ಅಮ್ಮನ ಕನಕಾಂಬರದ ಗಿಡ ಮೇಯ್ದುಕೊಂಡು ಹೋಗುತ್ತಿದ್ದವು. ಅಪ್ಪಾಜಿ ಹರಿಹರದ ಕಡೆಯ ಹಳ್ಳಿಯಿಂದ ಬಂದು ಇಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರ ತಾಯಿ, ನಮ್ಮಜ್ಜಿ, ನಮ್ಮ ಜೊತೆಯಲ್ಲೇ ಇದ್ದರು. ಅಮ್ಮ, ನಾನು, ನನಗಿಂತ ಐದು ವರ್ಷ ಚಿಕ್ಕವನಾದ ತಮ್ಮ ಪ್ರಭು. ಇಷ್ಟು ಸಂಸಾರ.

ಪ್ರಭುವಿಗೆ ಉಗ್ಗು ಇತ್ತು. ಎಲ್ಲ ಮಾತಿಗೂ ಅಲ್ಲ, ಕೆಲವು ಅಕ್ಷರಗಳು ಬಂದರೆ ಮಾತ್ರ ತಡೆಯುತ್ತಿತ್ತು. 'ಕ' ಕಷ್ಟ, 'ಅ' ಕಷ್ಟ, 'ಪ' ಅಂತೂ ಬಲು ಕಷ್ಟ. ಅಂದರೆ ಮಗುವಿಗೆ ತನ್ನ ಹೆಸರನ್ನೇ ಹೇಳಲು ಆಗುತ್ತಿರಲಿಲ್ಲ. ಯಾರಾದರೂ 'ನಿನ್ನ ಹೆಸರೇನಪ್ಪಾ ಪುಟ್ಟಾ' ಎಂದು ಪ್ರೀತಿಯಿಂದ ಕೇಳಿದರೂ ಸಾಕು, ಅವನ ತುಟಿ ಒಂದಕ್ಕೊಂದು ಅಂಟಿಕೊಂಡು, ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ತುಂಬುತ್ತಿತ್ತು. ಕೇಳಿದವರು ಕಾದು ಕಾದು, ಅವನ ಪರವಾಗಿ ತಾವೇ ಏನೋ ಒಂದು ಹೆಸರು ಹೇಳಿ ಕೆನ್ನೆ ಹಿಂಡಿ ಹೋಗುತ್ತಿದ್ದರು.

ಮನೆಮದ್ದುಗಳಿಗೇನು ಬರವೇ? ದಿನಾ ಬೆಳಿಗ್ಗೆ ಅಮ್ಮ ಬಜೆ ತೇಯ್ದು ಅವನ ನಾಲಿಗೆಗೆ ಹಚ್ಚುತ್ತಿದ್ದಳು. ಆ ಖಾರಕ್ಕೆ ಅವನು ಅಳುತ್ತಿದ್ದ, ಅಳುವಾಗ ಮಾತ್ರ ಉಗ್ಗು ಇರುತ್ತಿರಲಿಲ್ಲ. ಗಿಣಿ ಕಚ್ಚಿದ ಹಣ್ಣು ತಿನ್ನಿಸಿದರೆ ನಾಲಿಗೆ ಹರಳು ಹುರಿದಂತೆ ಆಗುತ್ತದೆ ಎಂದು ಯಾರೋ ಹೇಳಿದರು. ಸರಿ, ಅಪ್ಪಾಜಿ ಭಾನುವಾರ ಬಂತೆಂದರೆ ಕೊಡೆ ಹಿಡಿದುಕೊಂಡು ಸೀಬೆಮರ ಇರುವ ಮನೆಗಳ ಕಾಂಪೌಂಡ್ ಪಕ್ಕ ಕತ್ತೆತ್ತಿ ನಿಲ್ಲುತ್ತಿದ್ದರು. ಒಂದು ಮನೆಯವರು ಕಳ್ಳನೆಂದು ತಿಳಿದು ನಾಯಿ ಬಿಟ್ಟರು. ಇದನ್ನು ನೆನೆದರೆ ಈಗಲೂ ನಗು ಬರುತ್ತದೆ. ಮಗನ ಮೇಲೆ ಆ ಮನುಷ್ಯನಿಗೆ ಎಷ್ಟು ಪ್ರೀತಿ ಇತ್ತೆಂದು ನಿಮಗೆ ತಿಳಿಯಲಿ ಎಂದೇ ಇದನ್ನು ಹೇಳುತ್ತಿದ್ದೇನೆ. ಮುಂದೆ ನಾನು ಅವರನ್ನು ಬೈಯುವುದಿದೆ.

ಇನ್ನು ಬಸ್ಸಿನ ವಿಷಯ. ನಮ್ಮ ಹಾಲಿನಲ್ಲಿ ನಾಲ್ಕು ಕುರ್ಚಿಗಳಿದ್ದವು. ಮಡಿಸುವ ಕಬ್ಬಿಣದವು ಎರಡು, ತಳ ಹರಿದ ಬೆತ್ತದ್ದು ಒಂದು, ಒಂದು ಕೈ ಮುರಿದ ಮರದ್ದು ಒಂದು. ತಿಂಡಿಯಾಗಿ ಅಪ್ಪಾಜಿ ಆಫೀಸಿಗೆ ಹೊರಟರೆಂದರೆ ಪ್ರಭು ಈ ನಾಲ್ಕನ್ನೂ ಎಳೆದು ಸಾಲಾಗಿ ನಿಲ್ಲಿಸುತ್ತಿದ್ದ. ಮುಂದೆ ಒಂದು ಸ್ಟೂಲು, ಅದರ ಮೇಲೆ ಡ್ರೈವರು. ಶಾಲೆಗೆ ರಜೆ ಇದ್ದ ದಿನ ನಾನು ಡ್ರೈವರು, ಮಿಕ್ಕ ದಿನ ದಿಂಬು. ಊಟದ ತಟ್ಟೆ ಸ್ಟಿಯರಿಂಗು. ಅಜ್ಜಿಯ ಪೂಜೆಯ ಗಂಟೆಯನ್ನು ಕಿಟಕಿಗೆ ಕಟ್ಟಿ, ಅದಕ್ಕೆ ದಾರ ಇಳಿಬಿಟ್ಟರೆ ಕಂಡಕ್ಟರನ ಬೆಲ್ಲು. ಪೂಜೆ ಮುಗಿದ ಮೇಲೆ ಅಜ್ಜಿಯೇ ಗಂಟೆಯನ್ನು ತೊಳೆದು ಕೊಡುತ್ತಿದ್ದರು. ಬಸ್‌ಸ್ಟಾಪಿನಲ್ಲಿ ಬಿದ್ದ ಹಳೇ ಟಿಕೆಟ್ಟುಗಳನ್ನು ಆರಿಸಿ ತಂದು, ನೀರು ಚಿಮುಕಿಸಿ, ಪುಸ್ತಕದ ನಡುವೆ ಒತ್ತಿಟ್ಟು ಮಟ್ಟಸ ಮಾಡಿಕೊಡುವ ಕೆಲಸ ನನ್ನದು.

ಕಂಡಕ್ಟರ್ ಮಾತ್ರ ಯಾವಾಗಲೂ ಪ್ರಭುವೇ. ಅಪ್ಪಾಜಿಯ ಹಳೇ ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡನೆಂದರೆ ಅವನು ಬೇರೆ ಯಾರೋ ಆಗಿಬಿಡುತ್ತಿದ್ದ. "ಯಾರ್ರೀ ಟಿಕೆಟ್, ಟಿಕೆಟ್! ಸಾರ್, ಮುಂದಕ್ಕೆ ಹೋಗಿ ಸಾರ್, ಅಷ್ಟೊಂದು ಖಾಲಿ ಇದೆ! ಏನಮ್ಮಾ, ಮಗೂನ ತೊಡೆ ಮೇಲೆ ಕೂರಿಸ್ಕೊಳಿ, ಅಜ್ಜಿ ನಿಂತಿದಾರೆ ಕಾಣಲ್ವಾ? ಟೋಲ್‌ಗೇಟ್ ಇಳಿಯೋರು ಬಾಗಿಲ ಹತ್ರ ಬನ್ನಿ! ಹೋಲ್ಡಾನ್!" ಒಂದೇ ಉಸಿರಿಗೆ ಇಷ್ಟೂ. ಎಲ್ಲಿಯೂ ತಡೆ ಇಲ್ಲ, ಅಂಟು ಇಲ್ಲ. 'ಕ' ಬರಲಿ, 'ಪ' ಬರಲಿ, ಕಾಲುವೆ ನೀರು ಹರಿದಂತೆ ಹರಿದುಹೋಗುತ್ತಿತ್ತು. ಮೆಜೆಸ್ಟಿಕ್, ಟೋಲ್‌ಗೇಟ್, ಹೊಸಹಳ್ಳಿ, ವಿಜಯನಗರ ದಾಟಿದ ಮೇಲೆ ಅವನ ಬಸ್ಸು ತನಗೆ ಬೇಕಾದಲ್ಲಿಗೆಲ್ಲ ಹೋಗುತ್ತಿತ್ತು. ಎಮ್ಮೆ ಸ್ಟಾಪ್ ಒಂದಿತ್ತು, ಮಳೆ ಸ್ಟಾಪ್ ಒಂದಿತ್ತು, ಕೊನೆಯ ಸ್ಟಾಪ್ ಅಜ್ಜಿಯ ಊರಿನ ಹೊಳೆ. ನಿಜವಾದ ಬಸ್ಸು ಕಂಡರೆ ವಾಂತಿ ಮಾಡಿಕೊಳ್ಳುವ ಅಜ್ಜಿ ಈ ಬಸ್ಸಿನಲ್ಲಿ ದಿನಾ ಹೊಳೆಗೆ ಹೋಗಿ ಬರುತ್ತಿದ್ದರು. ಬೆತ್ತದ ಕುರ್ಚಿಯಲ್ಲಿ ಕೂತು, ಸೆರಗು ತಲೆಯ ಮೇಲೆ ಎಳೆದುಕೊಂಡು, "ಲೇ ಕಂಡಕ್ಟ್ರಪ್ಪಾ, ನಾ ಮುದುಕಿ, ಬಸ್ಸು ಪೂರಾ ನಿಂದ್ರಸು, ಆಮ್ಯಾಲೆ ಇಳೀತೀನಿ" ಎಂದು ತಕರಾರು ಮಾಡುತ್ತಿದ್ದರು.

ಒಮ್ಮೆ ಅಪ್ಪಾಜಿಯ ಮೇಲಧಿಕಾರಿ ನಮ್ಮ ಮನೆಗೆ ಬಂದಿದ್ದರು. ದಪ್ಪ ಕನ್ನಡಕ, ಕೋಟು, ಕಚೇರಿಯಲ್ಲಿ ನಗದ ಮನುಷ್ಯರೆಂದು ಪ್ರಸಿದ್ಧಿ. ಅವರು ಬಂದು ಕೂತದ್ದು ಮೂರನೆಯ ಕುರ್ಚಿಯಲ್ಲಿ. ಪ್ರಭು ಚೀಲ ಹಾಕಿಕೊಂಡು ಹೋಗಿ ಅವರ ಮುಂದೆ ನಿಂತು "ಎಲ್ಲಿಗೆ ಸಾರ್?" ಎಂದ. ಅಪ್ಪಾಜಿಯ ಮುಖ ಬಿಳುಚಿತು. ಅಧಿಕಾರಿಗಳು ಕನ್ನಡಕ ಸರಿ ಮಾಡಿಕೊಂಡು, "ಕೆಂಗೇರಿಗೆ ಹೋಗತ್ತೇನಪ್ಪಾ ನಿನ್ನ ಬಸ್ಸು?" ಎಂದರು. "ಕೆಂಗೇರಿಗೆ ಹೋಗಲ್ಲ ಸಾರ್, ಬೋರ್ಡ್ ನೋಡ್ಕೊಂಡು ಹತ್ತಬಾರ್ದಾ? ಪರವಾಗಿಲ್ಲ ಕೂತ್ಕೊಳಿ, ಹೊಳೆ ಹತ್ರ ಬೇರೆ ಬಸ್ ಸಿಗತ್ತೆ!" ಎಂದ ನಮ್ಮ ಹುಡುಗ. ಆ ನಗದ ಮನುಷ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ ಚುರುಕ್ರೀ ನಿಮ್ಮ ಮಗ" ಎಂದು ಹೇಳಿ ಹೋದರು. ಆ ವಾರವೆಲ್ಲ ಅಪ್ಪಾಜಿಯ ಕಾಲು ನೆಲದ ಮೇಲಿರಲಿಲ್ಲ.

ಈಗ ನೀವೇ ಹೇಳಿ. 'ಕೆಂಗೇರಿ' ಎಂದು ಆ ಮಗು ಸಲೀಸಾಗಿ ಹೇಳಿತ್ತು. 'ಪರವಾಗಿಲ್ಲ' ಎಂದು ಸಲೀಸಾಗಿ ಹೇಳಿತ್ತು. ಅಲ್ಲಿ ನಾವು ನಾಲ್ಕು ಜನ ಕಿವಿ ಇರುವವರು ಕೂತಿದ್ದೆವು. ಒಬ್ಬರಿಗಾದರೂ ಹೊಳೆಯಬೇಡವೇ? ಬೆಳಿಗ್ಗೆ ಬಜೆ ತೇಯುವುದು, ಭಾನುವಾರ ಗಿಣಿ ಹುಡುಕುವುದು, ಮದ್ದು ಮಾತ್ರ ಕಣ್ಣೆದುರೇ ಸಾಲಾಗಿ ನಿಂತಿದೆ, ಅದರ ಮೇಲೆ ನಾವೇ ಕೂತಿದ್ದೇವೆ! ಅದು ಆಟ, ಆಟದಲ್ಲಿ ಆಡಿದ್ದು ಮಾತಲ್ಲ ಎಂದು ನಮ್ಮ ಲೆಕ್ಕ. ಈಗಲೂ ಬರೆಯುತ್ತಾ ಹಲ್ಲು ಕಡಿಯುತ್ತಿದ್ದೇನೆ. ಅಜ್ಜಿಗೆ ಮಾತ್ರ ಹೊಳೆದಿತ್ತು ಎಂದು ಆಮೇಲೆ ತಿಳಿಯಿತು. ಆದರೆ ಓದು ಬಾರದ ಮುದುಕಿಯ ಮಾತನ್ನು ಲೇಔಟಿನ ಮನೆಯಲ್ಲಿ ಯಾರು ಕೇಳುತ್ತಾರೆ?

ಅಪ್ಪಾಜಿಗೆ ಒಂದೇ ಕನಸು. ಮಗ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗಬೇಕು. ಅದಕ್ಕೆ ಕಾರಣವೂ ಇತ್ತು. ಕನ್ನಡದಲ್ಲಿ ಓದಿ ಬಂದ ಅವರು ಇಂಗ್ಲಿಷಿನಲ್ಲಿ ಬರೆದ ಟಿಪ್ಪಣಿಗಳು ಕೆಂಪು ಶಾಯಿ ಮೆತ್ತಿಕೊಂಡು ವಾಪಸು ಬರುತ್ತಿದ್ದವು. ಅದನ್ನು ಅವರು ಮನೆಯಲ್ಲಿ ಹೇಳುತ್ತಿರಲಿಲ್ಲ, ಊಟ ಬಿಟ್ಟು ಎದ್ದಾಗ ಅಮ್ಮನಿಗೆ ಗೊತ್ತಾಗುತ್ತಿತ್ತು. ರಾಜಾಜಿನಗರದಲ್ಲಿ ಹೆಸರು ಮಾಡಿದ ಒಂದು ಶಾಲೆ, ಹೆಸರು ಇಲ್ಲಿ ಬೇಡ. ಅಲ್ಲಿ ನಾಲ್ಕೂವರೆ ವರ್ಷದ ಮಕ್ಕಳಿಗೆ ಇಂಟರ್‌ವ್ಯೂ. ಅಪ್ಪಾಜಿ ಪ್ರಭುವಿನ ತಲೆಗೆ ಎಣ್ಣೆ ಹಚ್ಚಿ, ಹಣೆಗೆ ವಿಭೂತಿ ಇಟ್ಟು, ಅದು ಇಂಗ್ಲಿಷ್ ಶಾಲೆ ಎಂಬುದು ನೆನಪಾಗಿ ಅರ್ಧ ಒರೆಸಿ, ನನ್ನನ್ನೂ ಜೊತೆಗೆ ಕರೆದುಕೊಂಡು ಹೊರಟರು. ನಾನು ಕ್ಲಾಸಿಗೆ ಮೊದಲು ಬರುವ ಹುಡುಗಿ. ಅಕ್ಕನನ್ನು ನೋಡಿ ತಮ್ಮನಿಗೆ ಸೀಟು ಕೊಟ್ಟಾರು ಎಂಬ ಆಸೆ.

ಹೆಡ್‌ಮಿಸ್ ಬೆಳ್ಳಗೆ, ಗರಿ ಗರಿ ಸೀರೆ, ಮೇಜಿನ ಮೇಲೆ ಒಂದು ಟ್ರೇ ತುಂಬ ಸಾಮಾನು. "ವಾಟ್ ಈಸ್ ಯುವರ್ ನೇಮ್?" ಎಂದರು. ಪ್ರಭುವಿನ ತುಟಿ ಅಂಟಿಕೊಂಡಿತು. "ಪ... ಪ... ಪ..." ಕುತ್ತಿಗೆಯ ನರ ಉಬ್ಬಿತು. ಅಪ್ಪಾಜಿ ಕುರ್ಚಿಯ ತುದಿಗೆ ಬಂದರು. ಹೆಡ್‌ಮಿಸ್ ಗಡಿಯಾರ ನೋಡಿಕೊಂಡು ಟ್ರೇಯಿಂದ ಒಂದು ಉದ್ದನೆಯ ಕೆಂಪು ಮರದ ತುಂಡನ್ನು ತೆಗೆದು ಅವನ ಮುಂದಿಟ್ಟರು. "ವಾಟ್ ಈಸ್ ದಿಸ್?"

ಪ್ರಭು ಅದನ್ನು ನೋಡಿದ. ಮೆಲ್ಲಗೆ ಒಂದು ಬೆರಳಿಟ್ಟು ಅದನ್ನು ಮುಂದಕ್ಕೆ ತಳ್ಳಿದ. ಅವನ ತುಟಿ ಬಿಚ್ಚಿಕೊಂಡದ್ದು ನನಗೆ ಕಾಣಿಸಿತು. "ಹೋಲ್ಡಾನ್!" ಎಂದು ಕೂಗಿದ. "ವಿಜಯನಗರ ಬಸ್ ಮೇಡಂ, ಬೇಗ ಹತ್ತಿ! ನನ್ನ ಹೆಸರು ಪ್ರಭು, ಕಂಡಕ್ಟರ್ ಪ್ರಭು! ನಿಮಗೆ ಎಲ್ಲಿಗೆ ಕೊಡ್ಲಿ?"

ಅವನು ಹುಟ್ಟಿದ ಮೇಲೆ ಅಪರಿಚಿತರ ಮುಂದೆ ತನ್ನ ಹೆಸರು ಹೇಳಿದ್ದು ಅದೇ ಮೊದಲು. ಪ್ರಭು ಎಂದ, ಎರಡು ಸಲ ಎಂದ, ಗಟ್ಟಿಯಾಗಿ ಎಂದ. ನಾವು ಅಲ್ಲೇ ಕುಣಿದಾಡಬೇಕಿತ್ತು. ಹೆಡ್‌ಮಿಸ್ ಆ ಮರದ ತುಂಡನ್ನು ತೆಗೆದು ಟ್ರೇಗೆ ಹಾಕಿದರು. "ಇದು ಬಸ್ಸಲ್ಲ, ಬ್ಲಾಕ್" ಎಂದು ಅವನಿಗೆ ಹೇಳಿ, ಅಪ್ಪಾಜಿಯ ಕಡೆ ತಿರುಗಿ, "ಕೇಳಿದ್ದಕ್ಕೆ ಉತ್ತರ ಕೊಡಲ್ಲ, ಇಲ್ಲದ್ದನ್ನ ಇದೆ ಅನ್ನತ್ತೆ ಮಗು. ಮನೇಲಿ ಬರೀ ಆಟ ಆಗಿದೆ ಅನ್ಸತ್ತೆ. ಇದನ್ನ ಈಗ್ಲೇ ತಿದ್ದದೇ ಇದ್ರೆ ದೊಡ್ಡವನಾದ್ಮೇಲೆ ಸುಳ್ಳು ಹೇಳೋದು ಅಭ್ಯಾಸ ಆಗತ್ತೆ. ಮುಂದಿನ ವರ್ಷ ಕರ್ಕೊಂಡು ಬನ್ನಿ, ನೋಡೋಣ" ಎಂದರು. ಅಪ್ಪಾಜಿ ಎದ್ದು ನಿಂತು, ಬೆನ್ನು ಬಗ್ಗಿಸಿ, "ಎಸ್ ಮೇಡಂ, ಥ್ಯಾಂಕ್ಯೂ ಮೇಡಂ" ಎಂದರು. ಆ ಥ್ಯಾಂಕ್ಯೂವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮನೆಗೆ ಬಂದವರೇ ಅವರು ಸ್ಟೂಲು ಎಳೆದುಕೊಂಡು, ನಾಲ್ಕು ಕುರ್ಚಿಗಳನ್ನೂ ಒಂದೊಂದಾಗಿ ಬಚ್ಚಲ ಮೇಲಿನ ಅಟ್ಟಕ್ಕೆ ಏರಿಸಿದರು. ಪ್ರಭು ಚೀಲ ಹಾಕಿಕೊಂಡು ಕೆಳಗೆ ನಿಂತು ನೋಡುತ್ತಿದ್ದ. ಅಳಲಿಲ್ಲ. ಬಸ್ಸು ಎಲ್ಲಿಗೋ ಹೊಸ ಸ್ಟಾಪಿಗೆ ಹೋಗುತ್ತಿದೆ ಎಂದುಕೊಂಡನೋ ಏನೋ. ಅಮ್ಮ ಸ್ಟೂಲು ಅಲುಗದಂತೆ ಹಿಡಿದುಕೊಂಡಳು, ಅವಳಿಗೂ ಇಂಗ್ಲಿಷ್ ಶಾಲೆ ಬೇಕಿತ್ತು. ಬೇಡ ಎಂದದ್ದು ಅಜ್ಜಿ. ಆ ಹೊತ್ತಿಗೆ ಅವರು ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಿದ್ದರು. ಪೂಜೆಯ ನಡುವೆ ಮಾತಾಡಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

"ಅಲ್ಲಲೇ ತಮ್ಮಾ," ಎಂದರು ಮಗನಿಗೆ, "ದಿನಾ ನಾನು ಅಂಗೈಯಾಗೆ ಇಟ್ಕಂಡು ಕುಂದ್ರತೀನಲ್ಲ, ಇದು ಏನೈತಿ ಅಂತ ನಿನ್ನ ಮಿಸ್ಸಮ್ಮ ನನ್ನ ಕೇಳಿದ್ರೆ ನಾ ಏನ್ ಹೇಳ್ಲಿ? ನಾನು ಶಿವ ಅಂತೀನಿ. ಆಕಿ ಫೇಲ್ ಅಂತಾಳೆ. ನನ್ನೂ ಅಟ್ಟಕ್ಕೆ ಹಾಕ್ತೀಯೇನು?"

"ದೇವ್ರ ವಿಷಯ ಬೇರೆ ಅವ್ವಾ" ಎಂದರು ಅಪ್ಪಾಜಿ ಸ್ಟೂಲಿನ ಮೇಲಿಂದಲೇ.

"ಹುಡುಗ ಬಸ್ನಾಗ ಚಲೋ ಮಾತಾಡ್ತಾನೆ. ನಿನಗ ಕೇಳಸೂದಿಲ್ಲೇನು?"

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ಅಪ್ಪಾಜಿ ಗಾದೆ ಹೇಳಿ ಇಳಿದರು. ಈ ಗಾದೆ ಕೇಳಿದರೆ ನನಗೆ ಈಗಲೂ ಎಲ್ಲಿಲ್ಲದ ಸಿಟ್ಟು. ಬಗ್ಗಿಸಲೇಬೇಕೆಂದು ಯಾವ ಗಿಡ ಬಂದು ಕೇಳಿತ್ತು? ನೆಟ್ಟಗೆ ಬೆಳೆಯುವುದನ್ನು ಹಿಡಿದು ಬಗ್ಗಿಸಿ, ಬಗ್ಗಿತು ಎಂದು ಬೀಗುವುದನ್ನೇ ನಾವು ಸಾಕುವುದು ಎಂದು ಕರೆಯುತ್ತೇವೆ. ಮೂವತ್ತೆರಡು ವರ್ಷ ನಾನೂ ಕ್ಲಾಸಿನಲ್ಲಿ ಇದೇ ಗಾದೆಯನ್ನು ಹೇಳಿದೆ, ಅದಿರಲಿ.

ಕುರ್ಚಿಗಳು ಅಟ್ಟ ಹತ್ತಿದ ಮೇಲೆ ಮನೆಯಲ್ಲಿ ಆದ ಅವಾಂತರವನ್ನು ಹೇಳದಿದ್ದರೆ ಅನ್ಯಾಯವಾದೀತು. ಯಾರಾದರೂ ನೆಂಟರು ಬಂದರೆ ಅಪ್ಪಾಜಿ ಅವರನ್ನು ಬಾಗಿಲಲ್ಲೇ ನಿಲ್ಲಿಸಿ "ಒಂದ್ನಿಮಿಷ, ಬಂದೆ" ಎಂದು ಹೇಳಿ ಅಟ್ಟ ಹತ್ತುತ್ತಿದ್ದರು. ಧೂಳು ಕೊಡವಿ, ಜೇಡರ ಬಲೆ ತೆಗೆದು, ಕುರ್ಚಿ ಇಳಿಸುವಷ್ಟರಲ್ಲಿ ನೆಂಟರು ಚಾಪೆಯ ಮೇಲೆ ಕೂತು ಕಾಫಿ ಕುಡಿದು ಮುಗಿಸಿರುತ್ತಿದ್ದರು. ಅವರು ಹೋದ ಕೂಡಲೇ ಕುರ್ಚಿ ಮತ್ತೆ ಮೇಲಕ್ಕೆ. ಒಂದಿಡೀ ವರ್ಷ ಅಪ್ಪಾಜಿ ನೆಲದ ಮೇಲೆ ಕೂತು ಪೇಪರ್ ಓದಿದರು, ಸೊಂಟ ಹಿಡಿದುಕೊಂಡರೂ ಕುರ್ಚಿ ಇಳಿಸಲಿಲ್ಲ. ಮಗನನ್ನು ತಿದ್ದಲು ತಾವೂ ಕುರ್ಚಿ ಬಿಟ್ಟ ಆ ತಂದೆಯನ್ನು ಏನೆಂದು ಬೈಯಲಿ?

ಆದ್ದರಿಂದ ನನ್ನನ್ನೇ ಬೈದುಕೊಳ್ಳುತ್ತೇನೆ. ಯಾಕೆಂದರೆ ಪ್ರಭುವನ್ನು ಮುಂದಿನ ಇಂಟರ್‌ವ್ಯೂಗೆ ತಯಾರು ಮಾಡುವ ಕೆಲಸ ಬಿದ್ದದ್ದು ನನಗೆ. ಬಿದ್ದದ್ದೇನು, ನಾನೇ ಕೇಳಿ ಪಡೆದೆ. ಅಪ್ಪಾಜಿ ಕಚೇರಿಯ ಗೆರೆ ಹಾಳೆಯಲ್ಲಿ ಮೂವತ್ತು ಸಾಮಾನುಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ನಾನು ಒಂದು ಬಿಸ್ಕತ್ತಿನ ಡಬ್ಬದಲ್ಲಿ ಬಾಚಣಿಗೆ, ಬೀಗದ ಕೈ, ಗುಂಡಿ, ಚಮಚ, ಬೆಂಕಿಪೊಟ್ಟಣ, ದಾರದುಂಡೆ ಎಲ್ಲ ತುಂಬಿಕೊಂಡೆ. ಶಾಲೆಯಿಂದ ಬಂದು ಕೈಕಾಲು ತೊಳೆದು, ಮರದ ಸ್ಕೇಲು ಹಿಡಿದು ಹಾಲಿನ ನಡುವೆ ಕೂರುತ್ತಿದ್ದೆ. ಒಂದು ತೆಗೆಯುವುದು, ಅವನ ಮುಂದಿಡುವುದು, "ವಾಟ್ ಈಸ್ ದಿಸ್?" ಎನ್ನುವುದು. ಉಗ್ಗು ಬಂದರೆ ಕಾಲಿನಿಂದ ನೆಲಕ್ಕೆ ಒಂದು, ಎರಡು ಎಂದು ತಟ್ಟಿ, ಮೂರನೆಯದಕ್ಕೆ ಹೇಳು ಎಂದು ಉಪಾಯ ಹೇಳಿಕೊಟ್ಟೆ. ಕೆಲವು ಸಲ ಅದು ನಡೆಯುತ್ತಿತ್ತು. ಹತ್ತು ವರ್ಷದ ಹುಡುಗಿಗೆ ಎಂಥ ಬುದ್ಧಿ ಎಂದು ಎಲ್ಲರೂ ಹೊಗಳಿದರು.

ಒಂದು ದಿನ ಬಾಚಣಿಗೆ ಇಟ್ಟೆ. ಅವನು ಅದನ್ನು ಎತ್ತಿಕೊಂಡು, ಹಲ್ಲುಗಳ ಮೇಲೆ ಉಗುರು ಎಳೆದು ಟರ್‌ರ್ ಎಂದು ಸದ್ದು ಮಾಡಿ, ಕಳ್ಳನಗೆ ನಗುತ್ತಾ, "ಅಕ್ಕಾ, ಬಸ್ ಸ್ಟಾರ್ಟ್ ಆಯ್ತು, ಹತ್ಕೊಳೇ ಬೇಗ!" ಎಂದು ಪಿಸುಗುಟ್ಟಿದ. ಉಗ್ಗಿಲ್ಲದೆ ಎಂದ. 'ಅ'ಕಾರ ಸಲೀಸಾಗಿ ಬಂತು. ತಿಂಗಳುಗಳ ಮೇಲೆ ಆ ಮುಖದಲ್ಲಿ ನಗು ಕಂಡದ್ದು ಅದೇ. ನಾನು ಸ್ಕೇಲಿನ ಅಂಚಿನಿಂದ ಅವನ ಬೆರಳ ಗೆಣ್ಣಿನ ಮೇಲೆ ಹೊಡೆದೆ. ಜೋರಾಗಿಯೇ ಹೊಡೆದೆ, ಈಗ ಕಡಿಮೆ ಮಾಡಿ ಹೇಳುವುದರಲ್ಲಿ ಅರ್ಥವಿಲ್ಲ. ಅವನು ಬಾಚಣಿಗೆ ಕೆಳಗಿಟ್ಟ. ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಕಾಲಿನಿಂದ ಒಂದು, ಎರಡು ತಟ್ಟಿ, "ಕೋಂಬ್" ಎಂದ.

ನಾನು ಓಡಿಹೋಗಿ ಅಪ್ಪಾಜಿಗೆ ಹೇಳಿದೆ. ಅವರು ನನಗೊಂದು ಶಾಯಿ ಪೆನ್ನು ತಂದುಕೊಟ್ಟರು.

ಅಜ್ಜಿ ಸುಮ್ಮನಿರಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅಡುಗೆಮನೆಯ ಮೂಲೆಯಲ್ಲಿ ಎರಡು ಮಣೆಗಳನ್ನು ಒಂದರ ಹಿಂದೊಂದು ಇಟ್ಟುಕೊಂಡು ಕೂತು, "ಕಂಡಕ್ಟ್ರಪ್ಪಾ, ಹೊಳಿಗೆ ಒಂದು ಟಿಕೀಟು" ಎನ್ನುತ್ತಿದ್ದರು. ಪ್ರಭು ಮೊದಮೊದಲು ಬಾಗಿಲ ಕಡೆ ನೋಡಿ, ಮೆಲ್ಲಗೆ, ಒಂದೆರಡು ಸ್ಟಾಪ್ ಮಾತ್ರ ಬಸ್ಸು ಬಿಡುತ್ತಿದ್ದ. ಬೇಸಿಗೆ ರಜೆಯಲ್ಲಿ ಒಂದು ದಿನ ನಾನು ಅದನ್ನು ಕಂಡುಹಿಡಿದೆ. ಕಂಡುಹಿಡಿದು ಸುಮ್ಮನಿದ್ದೆನೇ? ಸಂಜೆ ಅಪ್ಪಾಜಿಗೆ ವರದಿ ಒಪ್ಪಿಸಿದೆ. ಮರುದಿನ ಮಣೆಗಳೂ ಅಟ್ಟ ಸೇರಿದವು. ಅಜ್ಜಿ ನನ್ನನ್ನು ಹತ್ತಿರ ಕರೆದು, ತಲೆ ಸವರಿ, "ಗಿರಿಜವ್ವಾ, ನೀನು ಮುಂದ ದೊಡ್ಡ ಮಿಸ್ಸಮ್ಮ ಆಗ್ತೀ ಬಿಡು" ಎಂದರು. ನಾನು ಅದನ್ನು ಆಶೀರ್ವಾದ ಎಂದುಕೊಂಡು ಹಿಗ್ಗಿದೆ. ಅದು ಬೈಗುಳ ಎಂದು ತಿಳಿಯುವಷ್ಟರಲ್ಲಿ ನಾನು ಮಿಸ್ಸಮ್ಮ ಆಗಿ, ಅಜ್ಜಿ ತೀರಿಕೊಂಡು, ಎಷ್ಟೋ ವರ್ಷಗಳಾಗಿದ್ದವು.

ಜಾಹೀರಾತಿನ ಹಾಳೆ ಹರಿದು ಹಾಕಿದ ದಿನ ಪ್ರಭುವಿಗೆ ಫೋನ್ ಮಾಡಿದೆ. ಅವನು ಈಗ ಬಸವೇಶ್ವರನಗರದಲ್ಲಿದ್ದಾನೆ. ಮನೆಗಳ ನಕ್ಷೆ ಬರೆಯುವ ಕೆಲಸ ಅವನದು. ಮಾತು ಕಡಿಮೆ ಇರುವ ಕೆಲಸವನ್ನೇ ಹುಡುಕಿಕೊಂಡ ಎಂದು ನನ್ನ ಗುಮಾನಿ. ಫೋನಿನಲ್ಲಿ ಅವನದು ಹೂಂ, ಉಹೂಂ ಎರಡೇ. "ಲೋ ಪ್ರಭು, ನಿಂಗೆ ಆ ಕುರ್ಚಿ ಬಸ್ಸು ನೆನಪಿದೆಯೇನೋ?" ಎಂದೆ. "ಯಾವ ಬಸ್ಸು?" ಎಂದ. ಎಮ್ಮೆ ಸ್ಟಾಪು, ಮಳೆ ಸ್ಟಾಪು, ಹೊಳೆ, ಎಲ್ಲ ಹೇಳಿದೆ. ಸ್ಕೇಲಿನ ವಿಷಯವನ್ನೂ ಹೇಳಿದೆ, ತಪ್ಪಾಯ್ತು ಕಣೋ ಎಂದೆ. "ನಂಗೇನೂ ನೆನಪಿಲ್ಲ ಅ... ಅಕ್ಕಾ. ನೀನ್ಯಾಕೆ ಸುಮ್ನೆ ತಲೆ ಕೆ... ಕೆಡಿಸ್ಕೊತೀಯ" ಎಂದ. ಅವನು ಒಂದು ಬೈಗುಳ ಬೈದಿದ್ದರೆ ನನ್ನ ಸಿಟ್ಟು ಅಲ್ಲಿಗೆ ಇಳಿಯುತ್ತಿತ್ತೇನೋ. ನೆನಪೇ ಇಲ್ಲ ಎಂದುಬಿಟ್ಟರೆ ನಾನು ಯಾರ ಹತ್ತಿರ ಹೋಗಿ ಕ್ಷಮೆ ಕೇಳಲಿ? ಆ ಕಂಡಕ್ಟರನನ್ನು ಬಲ್ಲವಳು ಭೂಮಿಯ ಮೇಲೆ ಈಗ ನಾನೊಬ್ಬಳೇ.

ಎರಡನೆಯ ಇಂಟರ್‌ವ್ಯೂ ಹತ್ತು ನಿಮಿಷದಲ್ಲಿ ಮುಗಿಯಿತು. ಅದೇ ಹೆಡ್‌ಮಿಸ್, ಅದೇ ಟ್ರೇ. ಪ್ರಭು ಮೇಜಿನ ಕೆಳಗೆ ಯಾರಿಗೂ ಕಾಣದಂತೆ ಕಾಲು ತಟ್ಟುತ್ತಾ ಒಂದೊಂದಕ್ಕೂ ಒಂದೊಂದೇ ಪದ ಹೇಳಿದ. ಹೆಸರು ಹೇಳುವಾಗ ಮಾತ್ರ ಮೂರು ಸಲ ತಡೆಯಿತು, ಆದರೂ ಹೇಳಿದ. ಕೆಂಪು ಮರದ ತುಂಡು ಬಂತು. ನಾನು ಅವನ ಬೆರಳನ್ನೇ ನೋಡುತ್ತಿದ್ದೆ. "ಬ್ಲಾಕ್" ಎಂದ. ಅದರ ಮೇಲೆ ಬೆರಳಿಡಲಿಲ್ಲ. ಹೆಡ್‌ಮಿಸ್ ಮುಖ ಅರಳಿತು. "ವೆರಿ ಗುಡ್! ನೋಡಿದ್ರಾ, ಎಷ್ಟು ಚೆನ್ನಾಗಿ ಇಂಪ್ರೂವ್ ಆಗಿದಾನೆ!" ಎಂದರು. ಅಪ್ಪಾಜಿಯ ಕಣ್ಣಲ್ಲಿ ನೀರು ಬಂತು.

ಆ ಸಂಜೆ ಅಪ್ಪಾಜಿ ಮೈಸೂರು ಪಾಕಿನ ಪೊಟ್ಟಣ ಹಿಡಿದು ಮನೆಗೆ ಬಂದರು. ಬಟ್ಟೆ ಕೂಡ ಬದಲಾಯಿಸದೆ ಸ್ಟೂಲು ಹತ್ತಿದರು. ನಾಲ್ಕು ಕುರ್ಚಿಗಳನ್ನೂ ಇಳಿಸಿ, ತಮ್ಮ ಅಂಗಿಯ ತುದಿಯಲ್ಲೇ ಧೂಳು ಒರೆಸಿ, ಒಂದರ ಹಿಂದೊಂದು ತಾವೇ ಸಾಲಾಗಿ ನಿಲ್ಲಿಸಿದರು. ಹಳೇ ಚರ್ಮದ ಚೀಲವನ್ನು ಎಲ್ಲಿಂದಲೋ ಹುಡುಕಿ ತಂದು ಪ್ರಭುವಿನ ಹೆಗಲಿಗೆ ಹಾಕಿದರು. ಆಮೇಲೆ ಆ ಮನುಷ್ಯ, ಜೀವಮಾನದಲ್ಲಿ ಒಂದು ಸಲವೂ ಆ ಬಸ್ಸು ಹತ್ತದವರು, ಮೂರನೆಯ ಕುರ್ಚಿಯಲ್ಲಿ ಕೂತು, ಬಸ್ಸಿನಲ್ಲಿ ಕೂತವರು ಮುಂದಿನ ಸೀಟನ್ನು ಹಿಡಿದುಕೊಳ್ಳುವಂತೆ ಎರಡನೆಯ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು.

"ಬಾರಪ್ಪಾ ಕಂಡಕ್ಟರ್," ಎಂದರು, "ಇವತ್ತಿಂದ ಎಷ್ಟು ಬೇಕಾದ್ರೂ ಬಸ್ ಬಿಡು. ಹ್ಞೂಂ, ಕೊಡು ನೋಡೋಣ, ಹೊಳೆಗೆ ಒಂದು ಟಿಕೆಟ್" ಎಂದು ಅಂಗೈ ಚಾಚಿದರು.

ಅಜ್ಜಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಪ್ರಭು ಚೀಲದ ಭಾರಕ್ಕೆ ಒಂದು ಕಡೆಗೆ ವಾಲಿಕೊಂಡು ನಿಂತಿದ್ದ. ಅಪ್ಪಾಜಿಯನ್ನು ನೋಡಿದ. ಕುರ್ಚಿಗಳನ್ನು ಒಂದೊಂದಾಗಿ, ಹಿಂದಿನದರಿಂದ ಮುಂದಿನದರವರೆಗೆ, ಗಮನವಿಟ್ಟು ನೋಡಿದ. ಆಮೇಲೆ ಕಾಲಿನಿಂದ ನೆಲಕ್ಕೆ ಒಂದು, ಎರಡು ತಟ್ಟಿದ.

"ಅ... ಅ... ಅಪ್ಪಾಜಿ," ಎಂದ, "ಅದು ಕು... ಕು... ಕುರ್ಚಿ."

ಅಪ್ಪಾಜಿ ಚಾಚಿದ ಕೈ ಹಾಗೆಯೇ ಇಟ್ಟುಕೊಂಡು ನನ್ನ ಕಡೆ ತಿರುಗಿ ನೋಡಿದರು. ನಾನು ನೆಲ ನೋಡಿದೆ. ಉತ್ತರ ಸರಿಯಾಗಿತ್ತು. ಹೇಳಿಕೊಟ್ಟವಳು ನಾನು.